ಕಾಮಾ ಒಳಗೋ ಹೊರಗೋ?

ನಮ್ಮ ಮನೆಯಲ್ಲಿ ಬೆಳಗಿನಿಂದ ಊಟದವರೆಗೆ ಬ್ರಿಟಿಷರ ಆಡಳಿತ, ಊಟ ಮುಗಿದು ಒಂದು ನಿದ್ದೆ ತೆಗೆದ ಮೇಲೆ ಅಮೆರಿಕದ್ದು. ಪರದೇಶದ ಪ್ರಕಾಶಕರ ಇಂಗ್ಲಿಷ್ ಪುಸ್ತಕಗಳನ್ನೂ ಸಂಶೋಧನಾ ಪತ್ರಿಕೆಗಳನ್ನೂ ಬೆಂಗಳೂರಿನಲ್ಲಿ ಕೂತು ತಿದ್ದಿಕೊಡುವವರ ದೊಡ್ಡ ದಂಡೇ ಇದೆ. ಅದರಲ್ಲಿ ನಾನೊಬ್ಬ ಕಾಲಾಳು. ಕಾಪಿ ಎಡಿಟರ್ ಅಂತ ಬಿರುದು. ಬೆಳಗ್ಗೆ ಲಂಡನ್ನಿನವರ ಕಡತ ತೆಗೆದು, ಕೋಟುಗಳ ಒಳಗೆ ಸೇರಿಕೊಂಡಿರುವ ಕಾಮಾಗಳನ್ನು ಹೆಕ್ಕಿ ಹೊರಗೆ ಹಾಕುತ್ತೇನೆ. ಮಧ್ಯಾಹ್ನ ನ್ಯೂಯಾರ್ಕಿನವರ ಕಡತ ತೆಗೆದು, ಹೊರಗೆ ಅಲೆಯುತ್ತಿರುವ ಕಾಮಾಗಳನ್ನು ಹಿಡಿದು ಒಳಗೆ ಕೂಡುತ್ತೇನೆ. ಎರಡಕ್ಕೂ ಪುಟಕ್ಕಿಷ್ಟು ಅಂತ ದುಡ್ಡು ಬರುತ್ತದೆ. ಒಂದು ಸಲ ಮಾಡಿದ್ದನ್ನು ತಿರುಗಿಸಿ ಮಾಡಿ ಎರಡು ಸಲ ಕೂಲಿ ಪಡೆಯುವ ಭಾಗ್ಯ, ನಮ್ಮೂರಿನ ರಸ್ತೆ ಅಗೆಯುವವರನ್ನು ಬಿಟ್ಟರೆ, ನನಗೇ ಇರುವುದು.

ಇದನ್ನು ನೆಂಟರಿಗೆ ತಿಳಿಸಿ ಹೇಳುವುದು ಕಷ್ಟ. ಮದುವೆಮನೆಯಲ್ಲಿ ಪಕ್ಕದ ಎಲೆಯವರು “ಏನು ಮಾಡ್ಕೊಂಡಿದ್ದೀರಿ?” ಅಂದರೆ ಮೊದಮೊದಲು ನಿಜವನ್ನೇ ಹೇಳುತ್ತಿದ್ದೆ. “ಕಾಮಾ ಇರಬೇಕಾದ ಜಾಗದಲ್ಲಿ ಇದೆಯಾ ಅಂತ ನೋಡ್ತೀನಿ.” ಅವರು ಹೋಳಿಗೆ ಮುರಿಯುವುದನ್ನು ನಿಲ್ಲಿಸುತ್ತಿದ್ದರು. “ದಿನವಿಡೀ?” “ದಿನವಿಡೀ.” “ಮತ್ತೆ ಮನೆ ಖರ್ಚಿಗೆ?” ಈಗ ಬುದ್ಧಿ ಬಂದಿದೆ. “ಸಾಫ್ಟ್‌ವೇರ್” ಅಂದುಬಿಡುತ್ತೇನೆ. ಬೆಂಗಳೂರಿನಲ್ಲಿ ಆ ಉತ್ತರದ ಮೇಲೆ ಇನ್ನೊಂದು ಪ್ರಶ್ನೆ ಹುಟ್ಟುವುದಿಲ್ಲ.

ಕೆಳಗಿನ ಮನೆಯ ಹಿರಿಯರೊಬ್ಬರು ಮಾತ್ರ ಬಹಳ ಕಾಲ ನನ್ನ ಮೇಲೆ ಗೌರವ ಇಟ್ಟುಕೊಂಡಿದ್ದರು. ಗೀತಾ ಪ್ರವಚನ ತಪ್ಪಿಸದವರು. ನಾನು ಸಂಜೆಯ ಹೊತ್ತು ಮಹಡಿಯ ಬಾಲ್ಕನಿಯಲ್ಲಿ ನಿಂತು, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಗೆ ಫೋನಿನಲ್ಲಿ ಪಾಠ ಹೇಳುತ್ತಿದ್ದೆ: “ನೋಡಮ್ಮ, ಕಾಮಾ ಯಾವಾಗಲೂ ಒಳಗೇ ಇರಬೇಕು. ಹೊರಗೆ ಕಾಣಿಸಿಕೊಂಡಿತು ಅಂದರೆ ಕೆಟ್ಟೆವು.” ಮರುದಿನದಿಂದ ಅವರು ನನ್ನನ್ನು ಕಂಡರೆ ಚಪ್ಪಲಿ ಬಿಟ್ಟು ಕೈಮುಗಿಯತೊಡಗಿದರು. ಆಮೇಲೊಂದು ದಿನ ಬೆಳಗಿನ ಪಾಳಿಯಲ್ಲಿ ಅದೇ ಹುಡುಗಿಗೆ ಅದೇ ಬಾಲ್ಕನಿಯಿಂದ “ಇದು ಲಂಡನ್ ಕೇಸು, ಕಾಮಾ ಒಳಗೆ ಅದುಮಿಟ್ಕೋಬೇಡ, ಹೊರಗೆ ಹಾಕು” ಅಂದೆ. ನಮಸ್ಕಾರ ನಿಂತುಹೋಯಿತು.

ವಿಷಯ ಇಷ್ಟು. ಇಂಗ್ಲಿಷಿನಲ್ಲಿ ಯಾರದೋ ಮಾತನ್ನೋ ಪದವನ್ನೋ ಇನ್ವರ್ಟೆಡ್ ಕಾಮಾಗಳ ನಡುವೆ ಇಟ್ಟಿರಿ ಅನ್ನಿ. ಅದು ಮುಗಿಯುವಲ್ಲೇ ನಿಮ್ಮ ವಾಕ್ಯಕ್ಕೂ ಒಂದು ಕಾಮಾವೋ ಫುಲ್‌ಸ್ಟಾಪೋ ಬೇಕಾಯಿತು. ಮುಚ್ಚುವ ಕೋಟಿಗೆ ಮೊದಲು ಹಾಕುವುದೋ, ಆಮೇಲೆ ಹಾಕುವುದೋ? ಅಮೆರಿಕದವರು ಯೋಚನೆಗೇ ಹೋಗುವುದಿಲ್ಲ. ಕಾಮಾ, ಫುಲ್‌ಸ್ಟಾಪ್ ಯಾರದ್ದೇ ಆಗಲಿ, ನಡಿ ಒಳಗೆ. ಬ್ರಿಟಿಷರು ವಿಚಾರಣೆ ನಡೆಸುತ್ತಾರೆ. ಈ ಚಿಹ್ನೆ ಮೂಲ ಮಾತಿನಲ್ಲೇ ಇತ್ತೋ, ನೀವು ನಿಮ್ಮ ಅನುಕೂಲಕ್ಕೆ ತಂದು ಹಾಕಿದ್ದೋ? ಮೂಲದಲ್ಲಿತ್ತು ಎಂದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಕೋಟೂ ಬೇರೆ: ಅಮೆರಿಕದವರದು ಜೋಡಿ, ಬ್ರಿಟಿಷ್ ಪುಸ್ತಕಗಳದು ಹೆಚ್ಚಾಗಿ ಒಂಟಿ.

ಹೆಂಡತಿಗೆ ಇದನ್ನು ಬಿಡಿಸಿ ಹೇಳೋಣವೆಂದು ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಒಂದು ಉದಾಹರಣೆ ಬರೆದೆ. ಮೇಲೆ ಅಮೆರಿಕದ್ದು: ಶೀ ಕಾಲ್ಡ್ ಇಟ್ “ಸಾರು,” ಬಟ್ ಐ ಸಾ ಓನ್ಲಿ ವಾಟರ್. ಕೆಳಗೆ ಬ್ರಿಟಿಷರದ್ದು: ಶೀ ಕಾಲ್ಡ್ ಇಟ್ ‘ಸಾರು’, ಬಟ್ ಐ ಸಾ ಓನ್ಲಿ ವಾಟರ್. “ಎರಡನ್ನೂ ಓದು. ವ್ಯತ್ಯಾಸ ಗೊತ್ತಾಗುತ್ತಾ?” ಅಂದೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಸಹಿ ತಾಳೆ ನೋಡಿದವಳು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದಳು. “ಕಾಮಾ ಎಲ್ಲಿದ್ದರೂ ಎರಡು ಕಡೆಯೂ ಸಾರು ನೀರೇ ಆಗಿದೆಯಲ್ಲ” ಅಂದಳು. ಆ ರಾತ್ರಿ ಒಂಟಿ ಕೋಟಿನ ಸಾರೂ ಇರಲಿಲ್ಲ, ಜೋಡಿ ಕೋಟಿನದೂ ಇರಲಿಲ್ಲ. ಮೊಸರನ್ನ ಇತ್ತು.

ವಿಷಯವನ್ನು ನಿಜಕ್ಕೂ ಹಿಡಿದವರು ನಮ್ಮತ್ತೆ. ಅವರಿಗೆ ಎಂಬತ್ತು ದಾಟಿದೆ, ಕಿವಿ ತಮಗೆ ಬೇಕಾದಷ್ಟೇ ಕೇಳುತ್ತದೆ, ಇಂಗ್ಲಿಷ್ ಬರುವುದಿಲ್ಲ. ಮೊಮ್ಮಗಳ ಬಾಣಂತನಕ್ಕೆ ನ್ಯೂಜೆರ್ಸಿಗೆ ಹೋಗಿದ್ದಾಗ, ನಲ್ಲಿ ರಿಪೇರಿಯವನು ಬೂಟುಗಾಲಲ್ಲೇ ಅಡುಗೆಮನೆಗೆ ನುಗ್ಗಿದ್ದನ್ನು ಕಣ್ಣಾರೆ ಕಂಡವರು. ಆ ಗಾಯ ಇನ್ನೂ ಮಾಗಿಲ್ಲ. ನನ್ನ ವಿವರಣೆಯನ್ನು ಬತ್ತಿ ಹೊಸೆಯುತ್ತಾ ಕೇಳಿ, “ಇದರಲ್ಲಿ ತಲೆ ಕೆಡಿಸಿಕೊಳ್ಳೋದು ಏನಿದೆ ಅಳಿಯಂದ್ರೇ? ಕೋಟು ಅನ್ನೋದು ಹೊಸಿಲು. ನಿಮ್ಮ ಕಾಮಾ ಚಪ್ಪಲಿ. ಅಮೆರಿಕದವರು ಮೆಟ್ಟಿಕೊಂಡೇ ಒಳಗೆ ಬರ್ತಾರೆ. ಇಂಗ್ಲೆಂಡಿನವರು ಯಾರ ಚಪ್ಪಲಿ ಅಂತ ಕೇಳಿ, ಹೊರಗಿನವರದ್ದಾದರೆ ಹೊರಗೇ ಬಿಡಿಸ್ತಾರೆ” ಅಂದರು.

ಇಷ್ಟು ಚೆನ್ನಾಗಿ ಯಾವ ಸ್ಟೈಲ್ ಪುಸ್ತಕವೂ ಹೇಳಿಲ್ಲ. ಆದರೆ ವೃತ್ತಿಯವನ ಚಪಲ ಸುಮ್ಮನಿರಬೇಕಲ್ಲ. “ಅದೇ ಅಮೆರಿಕದವರು ಸೆಮಿಕೋಲನ್ನು, ಕೋಲನ್ನು ಮಾತ್ರ ಹೊರಗೇ ಬಿಡ್ತಾರೆ ಅತ್ತೆ. ಅದಕ್ಕೇನಂತೀರಿ?” ಅಂದೆ.

“ಅದು ಗಂಬೂಟು.”

“ಪ್ರಶ್ನೆ ಚಿಹ್ನೆ? ಅದಕ್ಕೆ ಎರಡು ದೇಶದಲ್ಲೂ ಒಂದೇ ನಿಯಮ. ಪ್ರಶ್ನೆ ಕೇಳಿದವನು ಒಳಗಿನವನಾದರೆ ಒಳಗೆ, ವಾಕ್ಯ ಬರೆದವನೇ ಕೇಳುತ್ತಿದ್ದರೆ ಹೊರಗೆ.”

“ಅದು ಚಪ್ಪಲಿ ಅಲ್ಲ, ನೆಂಟರು. ಯಾರ ಕಡೆಯವರು ಅಂತ ವಿಚಾರಿಸಿಕೊಂಡು ಕೂರಿಸ್ತಾರೆ. ಕಾಫಿ ಕುಡೀತೀರಾ?”

ಈ ಜಗಳಕ್ಕೆ ನೂರು ವರ್ಷ ದಾಟಿದೆ ಎಂದರೆ ನಮ್ಮ ಮನೆಯಲ್ಲಿ ಯಾರಿಗೂ ಆಶ್ಚರ್ಯವಾಗುವುದಿಲ್ಲ. ನನಗೇನೋ 1906 ಎಂದರೆ ಮೈ ಜುಮ್ಮೆನ್ನುತ್ತದೆ. ಆ ಒಂದೇ ವರ್ಷ ಎರಡೂ ಕಡೆಯ ವೇದಗ್ರಂಥಗಳು ಹೊರಬಂದವು. ಗರ್ನ್ಸಿ ಎಂಬ ದ್ವೀಪದಲ್ಲಿ ಕೂತು ಬರೆಯುತ್ತಿದ್ದ ಫೌಲರ್ ಅಣ್ಣತಮ್ಮಂದಿರ ‘ದಿ ಕಿಂಗ್ಸ್ ಇಂಗ್ಲಿಷ್’ ಒಂದು, ಷಿಕಾಗೊ ವಿಶ್ವವಿದ್ಯಾಲಯದ ಮುದ್ರಣಾಲಯದವರ ‘ಮ್ಯಾನ್ಯುಯಲ್ ಆಫ್ ಸ್ಟೈಲ್’ ಇನ್ನೊಂದು. ತಮಾಷೆಯೆಂದರೆ ಆಗ ಇಂಗ್ಲೆಂಡಿನ ಅಚ್ಚುಕೂಟಗಳಲ್ಲೂ ಕಾಮಾವನ್ನು ಒಳಗೇ ತಳ್ಳುವ ರೂಢಿ ಬೇಕಾದಷ್ಟಿತ್ತು. ಅರ್ಥ ನೋಡಿ ಹಾಕಿರಪ್ಪ ಎಂದು ಅದರ ಮೇಲೆ ಹರಿಹಾಯ್ದವರು ಈ ಸೋದರರು. ಅಣ್ಣ ಹೆನ್ರಿ ಫೌಲರ್ ಎಂಥ ಆಸಾಮಿ ಎಂದರೆ, 1915ರಲ್ಲಿ, ಐವತ್ತೇಳರ ವಯಸ್ಸಿನಲ್ಲಿ, ನಲವತ್ತನಾಲ್ಕು ಅಂತ ಸುಳ್ಳು ಹೇಳಿ ಸೈನ್ಯ ಸೇರಿದ. ವಯಸ್ಸಿನ ವಿಷಯದಲ್ಲಿ ಹದಿಮೂರು ವರ್ಷ ಆಚೀಚೆ ಮಾಡಬಹುದು, ಕಾಮಾ ಮಾತ್ರ ಒಂದು ಕೂದಲೆಳೆ ಸರಿಯಬಾರದು! ನನಗೆ ಇಂಥವರ ಮೇಲೆ ಬಹಳ ಭಕ್ತಿ. ತಮ್ಮ ತೀರಿಕೊಂಡ ಮೇಲೆ ಅಣ್ಣ ಒಬ್ಬನೇ ಕೂತು ಮುಗಿಸಿದ ‘ಮಾಡರ್ನ್ ಇಂಗ್ಲಿಷ್ ಯೂಸೇಜ್’ 1926ರಲ್ಲಿ ಬಂತು. ಅದರ ಹಳೆಯ ಪ್ರತಿಯೊಂದನ್ನು ಅವೆನ್ಯೂ ರಸ್ತೆಯಲ್ಲಿ ಕೊಂಡು ತಂದು ದೇವರ ಕೋಣೆಯ ಪಕ್ಕದ ಗೂಡಿನಲ್ಲಿ ಇಟ್ಟಿದ್ದೇನೆ.

ಷಿಕಾಗೊದವರ ಪುಸ್ತಕ ಗೂಡಿನಲ್ಲಿ ಹಿಡಿಸುವುದಿಲ್ಲ. ಅಚ್ಚುಕೂಟದ ಕೆಲಸಗಾರರಿಗೆಂದು ಮಾಡಿಕೊಂಡ ನಿಯಮಗಳ ಸಂಗ್ರಹವಾಗಿ ಶುರುವಾದದ್ದು 2024ರ ಹದಿನೆಂಟನೇ ಆವೃತ್ತಿಯ ಹೊತ್ತಿಗೆ ಸಾವಿರ ಪುಟ ಮೀರಿ ಉಬ್ಬಿದೆ. ಹೊಸ ಆವೃತ್ತಿ ಬಂದಾಗಲೆಲ್ಲ ಹಳೆಯದು ಹೆಂಡತಿಯ ವಶಕ್ಕೆ ಹೋಗುತ್ತದೆ. ತಾರಸಿಯ ಮೇಲೆ ಸಂಡಿಗೆಯ ಪ್ಲಾಸ್ಟಿಕ್ ಹಾಳೆ ಗಾಳಿಗೆ ಹಾರದಂತೆ ಹಿಡಿದಿಡಲು ಅದಕ್ಕಿಂತ ಒಳ್ಳೆಯ ಗ್ರಂಥ ಇಲ್ಲವಂತೆ.

ಅಮೆರಿಕದವರು ಯಾಕೆ ಹೀಗೆ ಎಂಬುದಕ್ಕೆ ವೃತ್ತಿಯವರ ನಡುವೆ ಒಂದು ಕಥೆ ಓಡಾಡುತ್ತದೆ. ಮೊಳೆ ಜೋಡಿಸುವ ಕಾಲದಲ್ಲಿ ಕಾಮಾ, ಫುಲ್‌ಸ್ಟಾಪಿನ ಮೊಳೆಗಳು ಬಹಳ ತೆಳು. ಕೋಟಿನ ಆಚೆಗೆ ಒಂಟಿಯಾಗಿ ನಿಲ್ಲಿಸಿದರೆ ಮುರಿಯುತ್ತಿದ್ದವು, ಜಾರುತ್ತಿದ್ದವು. ಅದಕ್ಕೇ ಒಳಗೆ ಸೇರಿಸಿ ಕಾಪಾಡಿದರು ಎಂದು ಕಥೆ. ದಾಖಲೆ ಕೇಳಬಾರದು. ಸ್ಥಳಪುರಾಣಕ್ಕೆ ದಾಖಲೆ ಕೇಳುವ ಪದ್ಧತಿ ನಮ್ಮಲ್ಲೂ ಇಲ್ಲ. 1959ರಲ್ಲಿ ಬಂದ ಸ್ಟ್ರಂಕ್ ಮತ್ತು ವೈಟ್ ಅವರ ಪುಸ್ತಕವನ್ನು ಅಮೆರಿಕದ ಕಾಲೇಜು ಹುಡುಗರು ಇವತ್ತಿಗೂ ಓದುತ್ತಾರೆ. ಅದರಲ್ಲಂತೂ ಒಪ್ಪಿಕೊಂಡೇಬಿಟ್ಟಿದ್ದಾರೆ: ತರ್ಕ ನೋಡಿದರೆ ಕಾಮಾ ಎಷ್ಟೋ ಸಲ ಒಳಗಿನದಲ್ಲ, ಆದರೂ ಅಚ್ಚಿನ ರೂಢಿ ಇರುವುದೇ ಹಾಗೆ. ಇದನ್ನು ಹೇಳಿದ ಕೂಡಲೇ ಅತ್ತೆ ಬೂಟಿನವನನ್ನು ಕ್ಷಮಿಸಿ ಪಕ್ಷ ಬದಲಿಸಿದರು. “ಕಾರಣ ಗೊತ್ತಿಲ್ಲ, ಹಿಂದಿನವರು ಮಾಡಿಕೊಂಡು ಬಂದಿದ್ದಾರೆ, ನಾವೂ ಮಾಡ್ತೀವಿ ಅಂತಾರಾ? ಪರವಾಗಿಲ್ವೇ, ಮಡಿವಂತರು!”

ತರ್ಕದ ಪಕ್ಷದವರೂ ಪೂರ್ತಿ ಶುದ್ಧರಲ್ಲ ಎಂಬುದನ್ನು ನಾನು ಮನೆಯಲ್ಲಿ ಹೇಳಿಲ್ಲ. ಬ್ರಿಟಿಷ್ ಕಾದಂಬರಿಗಳ ಸಂಭಾಷಣೆಯಲ್ಲಿ ‘ಹೌದು,’ ಎಂದಳಾಕೆ ಅಂತ ಬರುವಾಗ ಕಾಮಾ ತೆಪ್ಪಗೆ ಒಳಗೇ ಇರುತ್ತದೆ. ಆಕೆ ಹೌದು ಎಂದದ್ದರಲ್ಲಿ ಕಾಮಾ ಎಲ್ಲಿತ್ತು ಅಂತ ಯಾವ ಫೌಲರನೂ ಕೇಳುವುದಿಲ್ಲ. ನಾವು ಹೈಸ್ಕೂಲಿನಲ್ಲಿ ರೆನ್ ಅಂಡ್ ಮಾರ್ಟಿನ್ ವ್ಯಾಕರಣದ ಡೈರೆಕ್ಟ್ ಸ್ಪೀಚ್ ಪಾಠ ಉರು ಹೊಡೆದದ್ದೂ ಹೀಗೇ. ಹಾಗಾಗಿ ನಮ್ಮ ತಲೆಮಾರಿನವರಿಗೆ ಕಾಮಾ ಒಳಗಿದ್ದರೂ ಸರಿ ಅನ್ನಿಸುತ್ತದೆ, ಹೊರಗಿದ್ದರೂ ಸರಿ ಅನ್ನಿಸುತ್ತದೆ. ಈ ಸ್ಥಿತಿಗೆ ವೇದಾಂತದಲ್ಲಿ ದೊಡ್ಡ ಹೆಸರಿದೆ. ನನ್ನ ಕೆಲಸದಲ್ಲಿ ಇದರಿಂದ ಕೂಲಿ ಕಡಿತವಾಗುತ್ತದೆ.

ಮನೆಯಲ್ಲಿ ಇದು ಬರೀ ತಾತ್ವಿಕ ಚರ್ಚೆಯಾಗಿ ಉಳಿದಿಲ್ಲ. ಫ್ರಿಜ್ಜಿನ ಬಾಗಿಲ ಮೇಲೆ ವೈಫೈ ಪಾಸ್‌ವರ್ಡಿನ ಚೀಟಿ ಅಂಟಿಸಿದ್ದೇನೆ. ಇಂಗ್ಲಿಷಿನಲ್ಲಿ ಒಂದು ಪೂರ್ಣ ವಾಕ್ಯ, ಪಾಸ್‌ವರ್ಡಿಗೆ ಜೋಡಿ ಕೋಟು, ಕೊನೆಯ ಚುಕ್ಕಿ ಕೋಟಿನ ಒಳಗೆ. ಬರೆದದ್ದು ಮಧ್ಯಾಹ್ನ. ಬಂದ ನೆಂಟರೆಲ್ಲ ಚುಕ್ಕಿಯನ್ನೂ ಸೇರಿಸಿ ಒತ್ತುತ್ತಾರೆ. ಸಂಪರ್ಕ ಸಿಗುವುದಿಲ್ಲ. ಮೊಬೈಲು ಮಡಿಸಿಟ್ಟು ನಮ್ಮೊಂದಿಗೆ ಮಾತಾಡುತ್ತಾರೆ. ಚೀಟಿ ಬದಲಿಸು ಅಂತ ಹೆಂಡತಿ ಹೇಳಿ ಹೇಳಿ ಸುಸ್ತಾದಳು. ಷಿಕಾಗೊ ನಿಯಮದ ಪ್ರಕಾರ ಚೀಟಿ ಸರಿಯಾಗಿದೆ. ನಾನು ಯಾಕೆ ಬದಲಿಸಲಿ?

ಇಂಗ್ಲೆಂಡಿನ ರೆಡಿಂಗಿನಲ್ಲಿರುವ ಮಗ ನಿಜವಾದ ಸಾಫ್ಟ್‌ವೇರಿನವನು. ಚೀಟಿಯ ಫೋಟೋ ನೋಡಿ ವಿಡಿಯೋ ಕಾಲ್ ಮಾಡಿ ಬೈದ. “ಅಪ್ಪಾ, ಕಂಪ್ಯೂಟರಿನವರು ಯಾಕೆ ನಿಮ್ಮ ಅಮೆರಿಕನ್ ಕಾಮಾ ಒಪ್ಪಲ್ಲ ಗೊತ್ತಾ? 1976ರಲ್ಲಿ ಬಿಲ್ ಜಾಯ್ ಬರೆದ ವಿಐ ಅನ್ನೋ ಎಡಿಟರ್ ಇದೆ. ಅದರಲ್ಲಿ ಡಿ ಡಿ ಅಂತ ಒತ್ತಿದರೆ ಒಂದು ಸಾಲು ಅಳಿಸಿಹೋಗುತ್ತೆ. ಚುಕ್ಕಿ ಒತ್ತಿದರೆ ಹಿಂದೆ ಮಾಡಿದ್ದನ್ನೇ ಇನ್ನೊಂದು ಸಲ ಮಾಡುತ್ತೆ. ಒಂದು ಸಾಲು ಅಳಿಸೋಕೆ ಇದನ್ನು ಒತ್ತಿ ಅಂತ ಬರೆದು ಚುಕ್ಕಿಯನ್ನು ಕೋಟಿನ ಒಳಗೆ ಸೇರಿಸಿದರೆ, ಓದಿದವನ ಎರಡು ಸಾಲು ಹೋಯ್ತು!” ಹ್ಯಾಕರುಗಳ ನಿಘಂಟಿನಲ್ಲಿ ಇದೇ ಉದಾಹರಣೆ ಇದೆ ಎಂಬುದು ನನಗೆ ಗೊತ್ತಿತ್ತು. ವಿಕಿಪೀಡಿಯದ ಇಂಗ್ಲಿಷ್ ಆವೃತ್ತಿ ಕೂಡ ಮಗನ ಪಕ್ಷವೇ. ಆದರೂ ನನ್ನ ಲೇಖನಗಳಲ್ಲಿ ಎರಡು ಸಾಲು ಹೋದರೆ ಓದುಗರಿಗೆ ಲಾಭವೇ ಅಂತ ಹಿಂದಿನಿಂದ ಹೆಂಡತಿ ಹೇಳಿದ್ದರಿಂದ ಚರ್ಚೆ ಅಲ್ಲಿಗೆ ನಿಂತಿತು.

ಮಗಳು ನ್ಯೂಜೆರ್ಸಿ. ಅವಳ ದೂರು ಬೇರೆ. “ಅಪ್ಪಾ, ಮೆಸೇಜಿನ ಕೊನೆಯಲ್ಲಿ ಫುಲ್‌ಸ್ಟಾಪ್ ಹಾಕಬೇಡಿ. ಸಿಟ್ಟಾಗಿದ್ದೀರೇನೋ ಅನ್ನಿಸುತ್ತೆ.” ಚುಕ್ಕಿಯಿಂದ ಮುಗಿಯುವ ಮೆಸೇಜು ಓದಿದವರಿಗೆ ಅಷ್ಟು ಮನಃಪೂರ್ವಕ ಅನ್ನಿಸುವುದಿಲ್ಲ ಎಂದು 2015ರಲ್ಲಿ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದವರು ಸಂಶೋಧನೆಯನ್ನೇ ಮಾಡಿದ್ದಾರೆ. ಚುಕ್ಕಿಯನ್ನು ಹೊರಗೆ ಬಿಡಲು ಮನಸ್ಸಾಗದೆ ಒಳಗೆ ಕರೆದುಕೊಂಡ ದೇಶದಲ್ಲೇ ಅದಕ್ಕೆ ಈ ಗತಿ! ನಾನು ಮಾತ್ರ “ಊಟ ಆಯ್ತು.” ಎಂದೇ ಬರೆಯುತ್ತೇನೆ. ಅವಳು ತಾಯಿಗೆ ಫೋನು ಮಾಡಿ, ಮನೆಯಲ್ಲಿ ಏನಾಯಿತು ಅಂತ ವಿಚಾರಿಸುತ್ತಾಳೆ.

ಇಂಥ ಮನೆಯಲ್ಲಿ ನನ್ನ ಅರವತ್ತರ ಶಾಂತಿಯ ಆಮಂತ್ರಣ ಪತ್ರಿಕೆ ಅಚ್ಚಾಗಬೇಕಾಯಿತು. ಕನ್ನಡದ ಪುಟಕ್ಕೆ ತೊಂದರೆಯೇ ಬರಲಿಲ್ಲ. ಓಲೆಗರಿಯ ಕಾಲದಲ್ಲಿ ಒಂದೆರಡು ಉದ್ದ ಗೀಟುಗಳಲ್ಲೇ ಮಹಾಕಾವ್ಯ ದಾಟಿಸಿದ ಭಾಷೆ ಇದು. ಕಾಮಾ, ಕೋಟುಗಳನ್ನೆಲ್ಲ ಅಚ್ಚಿನ ಯಂತ್ರದ ಜೊತೆಗೆ ಸಾಲ ತಂದ ಮೇಲೂ ಜಗಳಕ್ಕೆ ಜಾಗ ಕೊಡಲಿಲ್ಲ. ಯಾರು ಏನೇ ಅನ್ನಲಿ, ಕೊನೆಯಲ್ಲಿ ‘ಎಂದರು’ ಅಂತ ಬಂದು ಕೂತುಬಿಡುತ್ತದೆ. ವಾಕ್ಯದ ಚುಕ್ಕಿ ಅದರಾಚೆ. ಕೋಟಿಗೂ ಅದಕ್ಕೂ ಮುಖಾಮುಖಿಯೇ ಅಪರೂಪ. ಮಾತಿನಲ್ಲಂತೂ ಒಂದು ‘ಅಂತೆ’ ಸೇರಿಸಿದರೆ ಕೋಟೂ ಬೇಡ, ಜವಾಬ್ದಾರಿಯೂ ಇಲ್ಲ.

ಇಂಗ್ಲಿಷ್ ಪುಟ ಹಾಗಲ್ಲ. ಅದು ಪರದೇಶದ ನೆಂಟರಿಗೆ, ಮಕ್ಕಳ ಸ್ನೇಹಿತರಿಗೆ. ನಮ್ಮ ಕಡೆ ಮನೆಯ ಹೆಸರನ್ನು ಕೋಟಿನಲ್ಲಿ ಹಾಕದೆ ವಿಳಾಸ ಬರೆಯುವವರನ್ನು ನಾನು ಕಂಡಿಲ್ಲ. ನಮ್ಮ ಮನೆ “ಗುರುಕೃಪಾ”. ಅದರ ಮುಂದೆ ಕಾಮಾ, ಆಮೇಲೆ ನಂಬರು, ಕ್ರಾಸು, ಮೇನು. ಹಾಗಾದರೆ ಬೆಂಗಳೂರಿನ ಪ್ರತಿಯೊಂದು ವಿಳಾಸವೂ ಫೌಲರಿಗೂ ಷಿಕಾಗೊಗೂ ನಡುವಿನ ಗಡಿರೇಖೆ! ಇದು ಹೊಳೆದ ಸಂತೋಷದಲ್ಲಿ ಕರಡನ್ನು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದೆ. ನ್ಯೂಜೆರ್ಸಿಯಿಂದ ಬಂತು: “ಕಾಮಾ ಒಳಗೆ, ಅಪ್ಪಾ. ನನ್ನ ಬಾಸ್ ಕೂಡ ಈ ಕಾರ್ಡ್ ನೋಡ್ತಾರೆ.” ರೆಡಿಂಗಿನಿಂದ ಬಂತು: “ಮನೆ ಹೆಸರು ಗುರುಕೃಪಾ ಕಾಮಾ ಅಂತಾನಾ? ಹೊರಗೆ.” ಎರಡು ದೇಶದ ರಾತ್ರಿಹಗಲು ಸೇರಿ ಗುಂಪಿನಲ್ಲಿ ನಿದ್ದೆಯೇ ಇಲ್ಲ. ಅಳಿಯ ಹೆಬ್ಬೆರಳಿನ ಚಿತ್ರ ಹಾಕಿದ. ಯಾರಿಗೆ ಅಂತ ಇವತ್ತಿಗೂ ಬಾಯಿ ಬಿಟ್ಟಿಲ್ಲ. ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: “ಗೇಟಿನ ಕಲ್ಲಿನ ಮೇಲೆ ಕೆತ್ತಿಸಿದಾಗ ಕಾಮಾ ಇರಲಿಲ್ಲ. ಈಗ ಹೆಸರಿಗೆ ಸೇರಿಸಿದರೆ ಗೃಹಪ್ರವೇಶ ಇನ್ನೊಂದು ಸಲ ಮಾಡಿಸಬೇಕಾ?”

ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಗೆ ನಾನೇ ಹೋಗಿ ಕೂತೆ. ಮಾಲೀಕರಿಗೆ ಇಬ್ಬರು ಮಕ್ಕಳ ನಿಲುವನ್ನೂ 1906ರಿಂದ ಹಿಡಿದು ವಿವರಿಸಿದೆ. ಅವರು ಹಿಂದೆ ನಿಂತಿದ್ದ ಮೂರು ಮದುವೆ, ಒಂದು ಉಪನಯನದ ಗಿರಾಕಿಗಳ ಕಡೆ ನೋಡುತ್ತಾ ತಾಳ್ಮೆಯಿಂದ ಕೇಳಿದರು. “ಸಾರ್, ಒಳಗೆ ಹಾಕಿದ್ರೂ ಹೊರಗೆ ಹಾಕಿದ್ರೂ ರೇಟ್ ಒಂದೇ” ಅಂದರು.

ಕಂಪ್ಯೂಟರಿನ ಮುಂದಿದ್ದ ಹುಡುಗ ಏನೂ ಅನ್ನಲಿಲ್ಲ. ಕಾಮಾವನ್ನು ಮೌಸಿನಲ್ಲಿ ಹಿಡಿದು ಎಡಕ್ಕೆ ತಳ್ಳಿದ, ಇನ್ನಷ್ಟು ತಳ್ಳಿದ, ಮುಚ್ಚುವ ಕೋಟಿನ ನೇರ ಕೆಳಗೆ ತಂದು ನಿಲ್ಲಿಸಿದ. ಮೇಲೆ ಕೋಟು, ಅದರಡಿಯಲ್ಲಿ ಕಾಮಾ. ಒಳಗೂ ಅಲ್ಲ, ಹೊರಗೂ ಅಲ್ಲ. ಅಕ್ಷರ ವಿನ್ಯಾಸದಲ್ಲಿ ಪಳಗಿದ ಕೆಲವರು ಹೀಗೆ ಒಂದರಡಿ ಒಂದು ಕೂರಿಸುವುದುಂಟು ಎಂದು ನಾನು ಓದಿದ್ದೆ. ಸುಲ್ತಾನ್‌ಪೇಟೆಯಲ್ಲಿ ಟೀ ಕುಡಿಯುತ್ತಾ ಎಡಗೈಯಲ್ಲಿ ಮಾಡಿ ತೋರಿಸುತ್ತಾರೆ ಎಂದು ಓದಿರಲಿಲ್ಲ. ಪಿಡಿಎಫ್ ಕಳಿಸಿದೆ. ಮಗಳು ಹಿಗ್ಗಿಸಿ ನೋಡಿ “ಥ್ಯಾಂಕ್ಸ್ ಅಪ್ಪಾ” ಅಂದಳು. ಮಗನೂ ಹಿಗ್ಗಿಸಿ ನೋಡಿ “ಕೊನೆಗೂ!” ಅಂದ. ಇಬ್ಬರಿಗೂ ಗೆದ್ದ ನೆಮ್ಮದಿ. ನಾನು ಯಾರನ್ನೂ ತಿದ್ದಲು ಹೋಗಲಿಲ್ಲ, ಆ ಕೆಲಸಕ್ಕೆ ಅವರಿಂದ ಪುಟಕ್ಕಿಷ್ಟು ಬರುವುದಿಲ್ಲ.

ಕಾರ್ಡಿನ ಕಟ್ಟು ಮನೆಗೆ ಬಂತು. ಅತ್ತೆ ಬೆಳ್ಳಿ ಬಟ್ಟಲಲ್ಲಿ ಅರಿಶಿನ ಕಲಸಿಕೊಂಡು ಕೂತು, ಮೊದಲ ಪ್ರತಿಯ ನಾಲ್ಕು ಮೂಲೆಗೂ ಶಾಸ್ತ್ರಕ್ಕೆ ಹಚ್ಚಿದರು. ವಿಳಾಸ ಇದ್ದದ್ದು ಕೆಳಗಿನ ಬಲಮೂಲೆಯಲ್ಲಿ. ಕೈ ಸ್ವಲ್ಪ ಧಾರಾಳವಾಯಿತು. ಗುರುಕೃಪಾದ ಅರ್ಧ ಉಳಿಯಿತು. ಕೋಟು, ಕಾಮಾ ಎರಡೂ ಅರಿಶಿನದಡಿ ಸೇರಿದವು.

“ಅತ್ತೆ, ಅಲ್ಲಿ ಕಾಮಾ ಇತ್ತು” ಅಂದೆ.

“ಇರಲಿ ಬಿಡಿ, ಕ್ರಿಮಿನಾಶಕ” ಅಂದರು.

ಉಳಿದ ಕಟ್ಟನ್ನೂ ಬಟ್ಟಲನ್ನೂ ಹೆಂಡತಿ ನನ್ನ ಮುಂದೆ ತಂದಿಟ್ಟು, ಸುಮ್ಮನೆ ಕೂತಿದ್ದೀರಲ್ಲ, ಇವಕ್ಕೂ ಹಚ್ಚಿ ಅಂದಳು. ಕಾರ್ಡಿಗೆ ಸುತ್ತಲೂ ಚಿನ್ನದ ಬಣ್ಣದ ಅಂಚು ಇತ್ತು. ಅರಿಶಿನವನ್ನು ಅಂಚಿನ ಒಳಗೆ ಹಚ್ಚಬೇಕೋ ಹೊರಗೆ ಹಚ್ಚಬೇಕೋ ಎಂದು ಕೇಳಿದೆ. ಅವಳು ಬಟ್ಟಲು ಕಸಿದುಕೊಂಡಳು.